ಅಪ್ಪ ಕತ್ತರಿಸಿಟ್ಟುಕೊಂಡ ನನ್ನ ಸುದ್ದಿ

ಹೋದ ಬೇಸಿಗೆ ಶುರುವಿನಲ್ಲಿ ಮೈಸೂರಿನಲ್ಲಿ ಆಹಾರದ ಬಗ್ಗೆ ಒಂದು ಕಾರ್ಯಕ್ರಮ ನಡೆಯಿತು. ವರದಿಗೆ ನಾನೇ ಹೋಗಿದ್ದೆ. ಬಣ್ಣಬಣ್ಣದ ಹಣ್ಣು ತರಕಾರಿಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಇರುತ್ತದೆ, ಕಪ್ಪು ದ್ರಾಕ್ಷಿ, ದಾಳಿಂಬೆ, ನೇರಳೆಯಲ್ಲಿ ಚೆನ್ನಾಗಿರುತ್ತದೆ ಎಂದು ಬರೆದೆ. ಎಷ್ಟು ತಿನ್ನಬೇಕು, ಸಕ್ಕರೆ ಕಾಯಿಲೆ ಇರುವವರು ಏನು ನೋಡಿಕೊಳ್ಳಬೇಕು ಎಂದೂ ಭಾಷಣ ಮಾಡಿದವರು ಕೊನೆಯಲ್ಲಿ ಹೇಳಿದ್ದರು. ಡೆಸ್ಕ್‌ನವರು ‘ಚಿಕ್ಕದಾಗಿ ಕಳಿಸಿ’ ಅಂದರು. ಡಿಪ್ಲೊಮಾದಲ್ಲಿ ಕಲಿತಂತೆ ಕೆಳಗಿನಿಂದ ಕತ್ತರಿಸಿದೆ. ಆ ಎರಡು ಪ್ಯಾರಾ ಹೋದವು.

ಮೂರು ತಿಂಗಳ ನಂತರ ಅಪ್ಪನನ್ನು ಊರಿನಿಂದ ಮೈಸೂರಿಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದೆ. ಅವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಮಾತ್ರೆ ತಪ್ಪಿಸುವವರಲ್ಲ. ಟೀಗೆ ಸಕ್ಕರೆ ಬಿಟ್ಟು ಕಾಲವಾಗಿದೆ. ಆದರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.2 ಇದ್ದದ್ದು 9.1 ಆಗಿತ್ತು.

ಡಾಕ್ಟರು, “ಊಟದಲ್ಲಿ ಏನಾದರೂ ಹೊಸದು ಶುರು ಮಾಡಿದ್ದೀರಾ ಯಜಮಾನರೇ?” ಎಂದು ಕೇಳಿದರು.

“ಏನೂ ಇಲ್ಲ ಸಾ. ಬೆಳಿಗ್ಗೆ ಒಂದು ಲೋಟ ದ್ರಾಕ್ಷಿ ಜ್ಯೂಸು ಕುಡೀತೀನಿ. ಅದು ಒಳ್ಳೇದಲ್ವಾ?” ಅಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ನೀನೇ ಬರ್ದಿದ್ಯಲ್ಲ ಮಗ, ಪೇಪರ್ನಲ್ಲಿ” ಅಂದರು.

ನಾನು ನೆಲ ನೋಡಿದೆ. ಆ ಸುದ್ದಿಯನ್ನು ಅಪ್ಪ ಕತ್ತರಿಸಿ ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರು. ಅವ್ವ ದಿನಾ ಕಾಲು ಕೆಜಿ ದ್ರಾಕ್ಷಿ ರುಬ್ಬಿ, ಸೋಸಿ, ಹುಳಿ ಇರುತ್ತದೆಂದು ಎರಡು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದರಂತೆ. ದ್ರಾಕ್ಷಿ ಸಿಗದಾಗ ದಾಳಿಂಬೆ.

ಲೆಕ್ಕ ಹಾಕಿ ನೋಡಿ. 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 15 ಗ್ರಾಂ ಸಕ್ಕರೆ ಅಂಶ ಇರುತ್ತದೆ. ಕಾಲು ಕೆಜಿಗೆ 37 ಗ್ರಾಂ ಆಯಿತು. ಮೇಲೆ ಹಾಕಿದ ಎರಡು ಚಮಚ ಸೇರಿದರೆ 45 ಗ್ರಾಂ. ಅಂದರೆ ಹತ್ತಿರ ಹತ್ತಿರ ಹನ್ನೊಂದು ಚಮಚ ಸಕ್ಕರೆ, 180 ಕ್ಯಾಲೊರಿ, ಬರೀ ಹೊಟ್ಟೆಯಲ್ಲಿ. ಟೀಯಲ್ಲಿ ಬಿಟ್ಟದ್ದನ್ನು ಅಪ್ಪ ಲೋಟದಲ್ಲಿ ಕುಡಿಯುತ್ತಿದ್ದರು. ಜ್ಯೂಸ್ ಒಂದೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ. ಆದರೆ ಮೊದಲು ನಿಲ್ಲಿಸಿಸಿದ್ದು ಅದನ್ನೇ.

ಸಿಎಫ್‌ಟಿಆರ್‌ಐ 1950ರಿಂದ ಇರುವ ಊರು ಮೈಸೂರು. ಇಲ್ಲಿ ಆಹಾರದ ಬಗ್ಗೆ ಕೇಳಿ ತಿಳಿಯಲು ಬಲ್ಲವರಿಗೆ ಬರವಿಲ್ಲ. ನಾನು ಕೇಳಲಿಲ್ಲ, ಅಷ್ಟೆ. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಬಿಟ್ಟ ಎರಡು ಪ್ಯಾರಾ ಇವೇ ಅಂದುಕೊಳ್ಳಿ.

ಬದನೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದಲ್ಲ, ಅದು ಗಾಳಿಯ ಆಮ್ಲಜನಕ ತಾಕಿ ಆಗುವುದು. ನಿಂಬೆ ರಸ ಹಿಂಡಿದರೆ ಬೇಗ ಕಪ್ಪಾಗುವುದಿಲ್ಲ. ನಮ್ಮ ದೇಹದೊಳಗೂ ಆಮ್ಲಜನಕದಿಂದ ಇಂಥದೇ ಸವೆತ ನಡೆಯುತ್ತಿರುತ್ತದೆ. ಅದನ್ನು ತಡೆಯಲು ನೆರವಾಗುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್. ಸಿ ವಿಟಮಿನ್, ಕ್ಯಾರೆಟ್ಟಿನ ಕೇಸರಿ ಬಣ್ಣ, ಟೊಮೆಟೊದ ಕೆಂಪು, ನೇರಳೆ ಹಣ್ಣಿನ ನೇರಳೆ ಬಣ್ಣ ಎಲ್ಲ ಈ ಗುಂಪಿನವು.

ಹಣ್ಣನ್ನು ಅಗಿದು ತಿಂದರೆ ನಾರು ಜೊತೆಗೇ ಹೋಗುತ್ತದೆ. ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ರುಬ್ಬಿ ಸೋಸಿದರೆ ನಾರು ಸೋಸಣಿಗೆಯಲ್ಲೇ ಉಳಿಯುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಇಡೀ ಹಣ್ಣಿನ ಸಕ್ಕರೆಯನ್ನು ಮಿತಿಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಜ್ಯೂಸಿನದನ್ನು ಸೇರಿಸುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಆ ಮಿತಿ 50 ಗ್ರಾಂ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಅಪ್ಪನ ಒಂದು ಲೋಟದಲ್ಲೇ 45 ಇತ್ತು.

ಆಸ್ಪತ್ರೆಯಿಂದ ನೇರ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋದೆವು. ಅಪ್ಪ ಮುಖ ಸಪ್ಪೆ ಮಾಡಿಕೊಂಡಿದ್ದರು. “ಹಂಗಾದ್ರೆ ಹಣ್ಣೇ ತಿನ್ನಂಗಿಲ್ವಾ?” ಎಂದರು. ತಿನ್ನಬಹುದು, ಡಾಕ್ಟರು ಹೇಳಿದ ಅಳತೆಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ತಟ್ಟೆಗೆ ತರಕಾರಿ, ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ. ತರಕಾರಿ ನಾಲ್ಕು ಪಾಲು, ಹಣ್ಣು ಒಂದು ಪಾಲು. ನಾನು ಸುದ್ದಿಯಲ್ಲಿ ಬರೀ ಹಣ್ಣನ್ನೇ ಹೊಗಳಿದ್ದೆ.

ದುಬಾರಿ ಹಣ್ಣೇ ಆಗಬೇಕೆಂದೂ ಇಲ್ಲ. ಅದೇ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಕಿತ್ತಳೆಯಲ್ಲಿ ಸಿ ವಿಟಮಿನ್ ಸುಮಾರು 43 ಮಿಲಿಗ್ರಾಂ. ಸೀಬೆಯಲ್ಲಿ 200 ದಾಟುತ್ತದೆ, ಬೆಟ್ಟದ ನೆಲ್ಲಿಕಾಯಿಯಲ್ಲಿ ಸುಮಾರು 250. ನಮ್ಮ ಹಿತ್ತಿಲಲ್ಲೇ ಸೀಬೆ ಮರ ಇದೆ. ಹಣ್ಣು ಅಳಿಲು ತಿಂದು ಬಿಸಾಡುತ್ತಿತ್ತು, ನಾವು ದ್ರಾಕ್ಷಿ ಕೊಳ್ಳುತ್ತಿದ್ದೆವು.

ಸೊಪ್ಪಿನವರ ಮುಂದೆ ಅಪ್ಪನಿಗೆ ಜೀವ ಬಂತು. ದಂಟು, ಕೀರೆ, ಹೊನಗೊನೆ ಒಂದೊಂದು ಕಟ್ಟು ಎತ್ತಿ ಮೂಸಿ ನೋಡಿ, “ಇದೆಲ್ಲ ಹೊಲದ ಬದುವಿನಲ್ಲಿ ಪುಕ್ಕಟೆ ಸಿಗೋದು ಮಗ” ಅಂದರು. ದಂಟಿನ ಸೊಪ್ಪಿನಲ್ಲಿ 100 ಗ್ರಾಂಗೆ 50 ಕ್ಯಾಲೊರಿಯೂ ಇಲ್ಲ. ನಮ್ಮ ಕಡೆಯ ಬಸ್ಸಾರಿನಲ್ಲಿ ಇನ್ನೊಂದು ಲಾಭವಿದೆ. ಸೊಪ್ಪು ಬೇಯಿಸಿದಾಗ ಸಿ ವಿಟಮಿನ್ ಒಂದಷ್ಟು ಬಿಸಿಗೆ ಹಾಳಾಗುತ್ತದೆ, ಒಂದಷ್ಟು ನೀರಿಗೆ ಇಳಿಯುತ್ತದೆ. ಆ ನೀರನ್ನು ನಾವು ಚೆಲ್ಲುವುದಿಲ್ಲ, ಅದೇ ಸಾರು. ಬೇಯಿಸಿದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಕೇಸರಿ, ಕೆಂಪು ಬಣ್ಣದ ಅಂಶಗಳನ್ನು ದೇಹ ಹೀರಿಕೊಳ್ಳಲು ಆ ಒಗ್ಗರಣೆಯ ಎಣ್ಣೆಯೂ ಬೇಕು. ಒಂದು ಚಮಚ ಸಾಕು. ಎಣ್ಣೆ, ಕಾಯಿತುರಿ ಸುರಿದರೆ ಕ್ಯಾಲೊರಿ ಏರುತ್ತದೆ. ಮುದ್ದೆಗೂ ಅಳತೆ ಬೇಕು.

ಊರೂರಿಗೆ ‘ಆ್ಯಂಟಿಆಕ್ಸಿಡೆಂಟ್’ ಬಾಟಲಿ, ಮಾತ್ರೆ ಮಾರುವ ಏಜೆಂಟರು ಬರುತ್ತಾರೆ. ಅವರಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇ 18ರಷ್ಟು ಹೆಚ್ಚಿತ್ತು. ಕ್ಯಾರೆಟ್ ತಿನ್ನುವುದೇ ಬೇರೆ, ಅದರ ಸತ್ವವನ್ನು ಮಾತ್ರೆ ಮಾಡಿ ನುಂಗುವುದೇ ಬೇರೆ.

ಇನ್ನೊಂದು ಮಾತು. ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಿ. ನೇರಳೆ ಬೀಜದ ಪುಡಿ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ.

ಮೂರು ತಿಂಗಳಾದ ಮೇಲೆ ಅಪ್ಪನ ಎಚ್‌ಬಿಎ1ಸಿ 7.6ಕ್ಕೆ ಇಳಿಯಿತು. ಡಾಕ್ಟರು ಮಾತ್ರೆಯನ್ನೂ ಬದಲಿಸಿದ್ದರು, ಹಾಗಾಗಿ ಬಸ್ಸಾರಿನಿಂದಲೇ ಇಳಿಯಿತು ಎಂದು ನಾನು ಬರೆಯುವುದಿಲ್ಲ. ಅರ್ಧ ಸುದ್ದಿ ಬರೆದು ಒಂದು ಸಲ ಬುದ್ಧಿ ಬಂದಿದೆ.

ಮೊನ್ನೆ ಊರಿಗೆ ಹೋದಾಗ ಕ್ಯಾಲೆಂಡರ್ ಹಿಂದೆ ನೋಡಿದೆ. ಆ ತುಣುಕು ಇನ್ನೂ ಅಲ್ಲೇ ಇತ್ತು. “ಬಿಸಾಕಬಾರದಾ ಅಪ್ಪ?” ಅಂದೆ. “ನಿನ್ನ ಹೆಸರು ಐತಲ್ಲ” ಅಂದರು. ಕೈಗೆ ತಗೊಂಡು ನೋಡಿದರೆ ಕೆಳಗೆ ಪೆನ್ನಿನಲ್ಲಿ ಬರೆದುಕೊಂಡಿದ್ದರು: ‘ಜ್ಯೂಸ್ ಬೇಡ. ಸೀಬೆ ಒಂದು.’