ಮೈಲಾರದ ದಾರಿಯಲ್ಲಿ ಬಳ್ಳಾರಿ ಕುರಿ

ಹೂವಿನಹಡಗಲಿ ಎಂದರೆ ಮೊದಲು ನೆನಪಾಗುವುದು ಮಲ್ಲಿಗೆ. ಹಿಂದೆ ಇಲ್ಲಿಂದ ತುಂಗಭದ್ರಾ ನದಿಯಲ್ಲಿ ಹಡಗಿನ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಈ ಹೆಸರು ಎಂದು ಹಿರಿಯರು ಹೇಳುತ್ತಾರೆ. ಅದೇ ಊರಿನಿಂದ ಮೈಲಾರಕ್ಕೆ ಹೊರಟಿದ್ದೆ. ದಾರಿಯಲ್ಲಿ ಕುರಿಹಿಂಡೊಂದು ರಸ್ತೆ ತುಂಬ ಬಂತು. ಬಸ್ಸು ನಿಂತೇಬಿಟ್ಟಿತು.

ಮಕ್ಕಳೇ, ಇದು ‘ಬಳ್ಳಾರಿ ಕುರಿ’. ಹಡಗಲಿ 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕುರಿಯ ಹೆಸರು ಮಾತ್ರ ಹಳೆಯದೇ ಉಳಿದಿದೆ. ಇಳಿಬಿದ್ದ ಕಿವಿ, ಗಿಡ್ಡನೆಯ ತೆಳು ಬಾಲ, ಒರಟು ಉಣ್ಣೆ ಇದರ ಗುರುತು. ಕೆಲವು ಟಗರುಗಳಿಗೆ ಕೊಂಬಿರುತ್ತದೆ, ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಬಣ್ಣ ಬಿಳಿ, ಕಪ್ಪು, ಇಲ್ಲವೇ ಎರಡರ ಬೆರಕೆ. ಬಿಸಿಲು, ಬರ, ದೂರದ ನಡಿಗೆ ಎಲ್ಲವನ್ನೂ ತಾಳಿಕೊಳ್ಳುತ್ತದೆ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಹಿಂಡು ನಿಲ್ಲಿಸಿದರೆ ರೈತರಿಗೆ ಗೊಬ್ಬರ, ಕುರಿಗಾಹಿಗೆ ಕಾಳೋ ಹಣವೋ ಸಿಗುತ್ತದೆ.

ಥಾಯ್ಲೆಂಡ್‌ನಲ್ಲಿ ‘ಖಾವೊ ಮನೀ’ ಎಂಬ ಅಪರೂಪದ ಬೆಕ್ಕಿನ ತಳಿ ಇದೆ. ಹೆಸರಿನ ಅರ್ಥ ‘ಬಿಳಿ ರತ್ನ’. ಮೈಯೆಲ್ಲ ಅಚ್ಚ ಬಿಳುಪು. ಕೆಲವಕ್ಕೆ ಒಂದು ಕಣ್ಣು ನೀಲಿ, ಇನ್ನೊಂದು ಹೊಂಬಣ್ಣ! ಅಲ್ಲಿಯವರು ಆ ಬಿಳುಪನ್ನು ಮೆಚ್ಚಿ ತಲೆತಲಾಂತರದಿಂದ ಕಾಪಾಡಿದರು. ನಮ್ಮ ಮೈಲಾರದಲ್ಲಿ ಆ ಮರ್ಯಾದೆ ಕಪ್ಪಿಗೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನಲ್ಲ, ಆ ಗೊರವರು ತೊಡುವುದು ಕರಿ ಕಂಬಳಿ. ಕಪ್ಪು ಕುರಿಯ ಉಣ್ಣೆಗೆ ಬಣ್ಣ ಹಾಕುವ ಅಗತ್ಯವೇ ಇಲ್ಲ.

ಒರಟು ಉಣ್ಣೆ ಸ್ವೆಟರಿಗೆ ಒಗ್ಗದು, ಕಂಬಳಿಗೆ ಹೇಳಿ ಮಾಡಿಸಿದಂತಿದೆ. ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿದರೆ ಕಂಬಳಿ ಗಟ್ಟಿಯಾಗುತ್ತದೆ. ಅದನ್ನು ಕೊಪ್ಪೆ ಹಾಕಿಕೊಂಡರೆ ಮಳೆಗೂ ಆಯಿತು, ಚಳಿಗೂ ಆಯಿತು.

ಹಿಂಡಿನ ಹಿಂದಿದ್ದ ಹಿರಿಯರನ್ನು ಕೇಳಿದೆ: “ಯಜಮಾನ್ರೇ, ಉಣ್ಣೆಗೆ ಈಗ ಏನು ರೇಟು?”

“ಉಣ್ಣಿ ಯಾರು ಕೇಳ್ತಾರ್ರೀ? ಕತ್ತರಿಸಿದ ಕೂಲಿನೂ ಹುಟ್ಟಂಗಿಲ್ಲ. ಎಲ್ಲಾರಿಗೂ ಮಾಂಸ ಬೇಕು,” ಎಂದರು.

ಅದಕ್ಕೇ ಈಗ ಹಲವರು ಹಿಂಡಿಗೆ ಕೆಂಗುರಿ, ಯಳಗದಂಥ ಬೇರೆ ತಳಿಯ ಟಗರು ಬಿಡುತ್ತಾರೆ. ಮರಿ ಬೆಳೆಯುತ್ತದೆ, ಕೈಗೆ ಕಾಸೂ ಬರುತ್ತದೆ. ಅವರನ್ನು ತಪ್ಪು ಎನ್ನುವಂತಿಲ್ಲ. ಆದರೆ ಬೆರಕೆ ಹೆಚ್ಚಿದಷ್ಟೂ ಕಂಬಳಿಯ ಉಣ್ಣೆ ಕಡಿಮೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆ ದೇಶದ ತಳಿಗಳ ಪಟ್ಟಿಯಲ್ಲಿ ಬಳ್ಳಾರಿ ಕುರಿಯನ್ನೂ ದಾಖಲಿಸಿದೆ. ಪಟ್ಟಿಯಲ್ಲಿದ್ದರೆ ಸಾಲದು, ಹಟ್ಟಿಯಲ್ಲೂ ಇರಬೇಕು. ಕಂಬಳಿ ಕೊಳ್ಳುವವರು ಇದ್ದರೆ ಉಣ್ಣೆಗೆ ಬೆಲೆ, ಉಣ್ಣೆಗೆ ಬೆಲೆ ಬಂದರೆ ಕುರಿಗೂ ಉಳಿವು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕರಿ ಕಂಬಳಿ ಇದೆಯೇ? ಇಳಿಸಿ, ಬಿಸಿಲಿಗೆ ಹಾಕಿ. ಯಾವ ಊರಿನವರು ನೇಯ್ದದ್ದು ಎಂದು ಅಜ್ಜ ಅಜ್ಜಿಯನ್ನು ಕೇಳಿ. ಅವರ ಬಳಿ ಅದರದೊಂದು ಕಥೆ ಇದ್ದೇ ಇರುತ್ತದೆ.