ಶರೀಫಜ್ಜನ ಪದ, ಗಿಟಾರಿನ ಸದ್ದು

 

‘ಬ್ಯಾಂಡು’ ಅಂದ ಕೂಡಲೇ ನಮ್ಮೂರಲ್ಲಿ ಎಲ್ಲರಿಗೂ ನೆನಪಾಗುವುದು ಮದುವೆ ಬ್ಯಾಂಡು. ಕೆಂಪು ಅಂಗಿ, ಹಿತ್ತಾಳೆಯ ತುತ್ತೂರಿ, ಮದುಮಗನ ಮೆರವಣಿಗೆ. ನಾನು ಹೇಳಹೊರಟಿರುವುದು ಆ ಬ್ಯಾಂಡಿನ ವಿಷಯವಲ್ಲ. ಗಿಟಾರು, ಡ್ರಮ್ಸು ಇಟ್ಟುಕೊಂಡು ಜನಪದ ಹಾಡು, ತತ್ವಪದ ಹಾಡುವ ಬ್ಯಾಂಡುಗಳೂ ಇವೆ. ಅದಕ್ಕೆ ಫೋಕ್ ರಾಕ್ ಎನ್ನುತ್ತಾರೆ. 2024ರ ಡಿಸೆಂಬರ್ ತಿಂಗಳಲ್ಲಿ ಹುಬ್ಬಳ್ಳಿಯ ಒಂದು ಕಾಲೇಜು ಮೈದಾನದಲ್ಲಿ ಅಂಥದೊಂದು ಕಾರ್ಯಕ್ರಮವನ್ನು ಕಣ್ಣಾರೆ ಕಂಡು ಬಂದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಸೋದರಮಾವ ರಜೆಗೆ ಬಂದಿದ್ದರು. ಅವರೇ ಕರೆದುಕೊಂಡು ಹೋದರು.

ಮೊದಲು ವೇದಿಕೆಗೆ ಬಂದವರು ನಾಲ್ಕು ಹುಡುಗರು. ಅವರು ಹಾಡಿದ್ದು ಪಂಕ್ ಎಂಬ ಬಗೆಯ ಹಾಡು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವುದೇ ತಡ, ಗುಡುಗು ಬಡಿದಂಗೆ ಸುರು! ಎರಡೇ ನಿಮಿಷಕ್ಕೆ ಹಾಡು ಮುಗಿದೇ ಹೋಗುತ್ತಿತ್ತು. ಮಾತು ಒಂದೂ ತಿಳಿಯಲಿಲ್ಲ. ಮುಂದೆ ನಿಂತಿದ್ದ ಕಾಲೇಜು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಯಾರಾದರೂ ಕೆಳಗೆ ಬಿದ್ದರೆ ಮಾತ್ರ ಎಲ್ಲರೂ ನಿಂತು, ಅವನನ್ನು ಎಬ್ಬಿಸಿ, ಮತ್ತೆ ಕುಣಿಯುತ್ತಿದ್ದರು.

“ಮಾವಾ, ಇದೇನ್ರಿ ಜಗಳ ಮಾಡಿದಂಗ ಐತಿ?” ಅಂತ ಕೇಳಿದೆ. ಮಾವ ನಕ್ಕು ಹೇಳಿದರು. ಅಮೆರಿಕದ ನ್ಯೂಯಾರ್ಕಿನಲ್ಲಿ 1974ರಲ್ಲಿ ರಾಮೋನ್ಸ್ ಎಂಬ ತಂಡ ಹುಟ್ಟಿತು. 1976ರಲ್ಲಿ ಅವರ ಮೊದಲನೆಯ ಆಲ್ಬಂ ಬಂತು. ಅದರಲ್ಲಿ 14 ಹಾಡು, ಎಲ್ಲಾ ಕೂಡಿ ಅರ್ಧ ತಾಸಿನೊಳಗೆ ಮುಗಿಯುತ್ತವೆ! ಹಾಡಬೇಕು ಅನ್ನುವವನು ದೊಡ್ಡ ವಿದ್ವಾಂಸ ಆಗುವ ತನಕ ಕಾಯಬೇಕಿಲ್ಲ, ಬಂದಷ್ಟರಲ್ಲೇ ಧೈರ್ಯವಾಗಿ ಹಾಡಬಹುದು ಎಂಬುದು ಪಂಕ್ ಹಾಡುಗಾರರ ಮಾತು. ಮುಂದೆ 1982ರಲ್ಲಿ ಲಂಡನ್ನಿನಲ್ಲಿ ಪೋಗ್ಸ್ ಎಂಬ ತಂಡದವರು ಐರ್ಲೆಂಡಿನ ಹಳೇ ಜನಪದ ಧಾಟಿಗಳನ್ನು ಇದೇ ಆವೇಶದಲ್ಲಿ ಹಾಡತೊಡಗಿದರು. ಊರು ಬಿಟ್ಟು ದುಡಿಯಲು ಬಂದಿದ್ದ ಐರಿಷ್ ಜನರು ಲಂಡನ್ನಿನಲ್ಲಿ ಬಹಳ ಇದ್ದರಂತೆ. ಊರಿನಿಂದ ದೂರ ಹೋದವರಿಗೇ ಊರಿನ ಹಾಡು ಹೆಚ್ಚು ಬೇಕಾಗುತ್ತದೆ ಎಂದು ಮಾವ ಹೇಳಿ ಸುಮ್ಮನಾದರು. ಅವರಿಗೂ ಏನೋ ನೆನಪಾಗಿರಬೇಕು.

ನನಗೆ ನೆನಪಾದದ್ದು ನಮ್ಮೂರ ಗುಡಿಯ ಭಜನಾ ಮೇಳ. ಅವರಲ್ಲಿ ಸಂಗೀತದ ಪರೀಕ್ಷೆ ಪಾಸಾದವರು ಯಾರಿದ್ದಾರೆ? ಒಬ್ಬರು ಗೌಂಡಿ ಕೆಲಸದವರು, ಒಬ್ಬರು ಟೇಲರ್, ಉಳಿದವರೆಲ್ಲ ಹೊಲದಲ್ಲಿ ದುಡಿಯುವವರು. ನಮ್ಮ ಅಜ್ಜ ದಮ್ಮಡಿ ಬಾರಿಸುತ್ತಿದ್ದ. ಅವನಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಆದರೆ ನೂರಾರು ಪದ ಬಾಯಿಪಾಠ ಇದ್ದವು.

ಆಮೇಲೆ ಎರಡನೇ ತಂಡ ಬಂತು. ಐದು ಜನ. ಹಾಡುವವನು ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ್ದ. ಡ್ರಮ್ಸ್ ಬಾರಿಸಲು ಕುಳಿತವಳು ಒಬ್ಬ ಹುಡುಗಿ! ಆಕೆ ಒಂದು ಸಣ್ಣ ಕೀಲಿ ತಿರುಗಿಸಿ ಡ್ರಮ್ಮಿನ ಹೊದಿಕೆ ಬಿಗಿ ಮಾಡಿದಳು. ಅಜ್ಜ ಭಜನೆಗೆ ಮುಂಚೆ ದಮ್ಮಡಿಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದನಲ್ಲ, ಚರ್ಮ ಬಿಗಿಯಾಗಲಿ ಅಂತ, ಅದೇ ಕೆಲಸ ಇದು. ಬೇಸ್ ಗಿಟಾರು ಎಂಬುದೊಂದಿತ್ತು, ಅದಕ್ಕೆ ನಾಲ್ಕೇ ತಂತಿ. ಅದರ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ, ಎದೆಗೆ ತಿಳಿಯುತ್ತದೆ. ಮೊಬೈಲಿನಲ್ಲಿ ಎಷ್ಟು ಸಲ ಕೇಳಿದರೂ ಇದು ಸಿಗುವುದಿಲ್ಲ.

ಅವರು ಎತ್ತಿಕೊಂಡ ಮೂರನೇ ಹಾಡು ಶಿಶುನಾಳ ಶರೀಫಜ್ಜನದು. ಮಾಳಿಗೆ ಸೋರುವ ಪದ. ಮೊದಲ ಸಾಲು ಕಿವಿಗೆ ಬಿದ್ದ ಕೂಡಲೇ ಮೈ ಜುಮ್ಮೆಂದಿತು. ನಮ್ಮದು ಆಗ ಮಣ್ಣಿನ ಮಾಳಿಗೆಯ ಮನೆ. ಮಳೆಗಾಲದಲ್ಲಿ ನಿಜವಾಗಿಯೂ ಸೋರುತ್ತಿತ್ತು. ಅವ್ವ ಸೋರುವ ಕಡೆ ಬೋಗುಣಿ ಇಡುತ್ತಿದ್ದಳು. ಅಜ್ಜ ಅದರ ತೊಟ್ ತೊಟ್ ಸದ್ದನ್ನೇ ತಾಳ ಮಾಡಿಕೊಂಡು ಈ ಪದ ಹಾಡುತ್ತಿದ್ದ. “ಹಾಡಿದ್ದು ಸಾಕು ಬಿಡಪಾ, ಮಾಳಿಗಿ ಹತ್ತಿ ಮಣ್ಣ ಹಾಕೂಣು ನಡಿ” ಅಂತ ಅಪ್ಪ ಸಿಟ್ಟಾಗುತ್ತಿದ್ದ. ಅಜ್ಜ ನನ್ನ ಕಡೆ ತಿರುಗಿ, “ಇದು ಮಣ್ಣಿನ ಮನಿ ಪದ ಅಲ್ಲಬೇ ತಂಗಿ. ಮೈಯೆಂಬೋ ಮನಿ. ಅರಿವು ಇಲ್ಲಂದ್ರ ಸೋರತೈತಿ” ಎನ್ನುತ್ತಿದ್ದ. ಅಜ್ಜ 2022ರಲ್ಲಿ ತೀರಿಕೊಂಡ. ಆ ಮೈದಾನದಲ್ಲಿ ಸಾವಿರಾರು ಜನರ ನಡುವೆ ನಿಂತು ಆ ಪದ ಕೇಳುವಾಗ ನನಗೆ ಬೋಗುಣಿಯ ಸದ್ದೇ ಕೇಳುತ್ತಿತ್ತು. ಕಣ್ಣಲ್ಲಿ ನೀರು ಬಂತು. ಮಾವ ನೋಡಿದರೂ ನೋಡದವರಂತೆ ಇದ್ದರು.

ಶರೀಫರು 1819ರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿದರು, 1889ರಲ್ಲಿ ತೀರಿಕೊಂಡರು. ಅವರೂ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಮುಸಲ್ಮಾನ ಮನೆಯ ಅವರಿಗೆ ಕಳಸದ ಗೋವಿಂದ ಭಟ್ಟರು ಗುರುಗಳು. ಅವರ ಪದಗಳು ಏಕತಾರಿ, ದಮ್ಮಡಿಯ ಜೊತೆ ಬಾಯಿಂದ ಬಾಯಿಗೆ ಬಂದವು. ಸಿ. ಅಶ್ವತ್ಥ್ ಅವರು ಈ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. 2008ರಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಅದರಲ್ಲಿ ಎರಡು ಶರೀಫರ ಪದ ಇದ್ದವು. ಒಂದು ಗುಡುಗುಡಿಯ ಪದ, ಇನ್ನೊಂದು ಇದೇ ಮಾಳಿಗೆಯ ಪದ. ಆ ಮೇಲೆ ಅವರು ಲುಂಗಿ, ಗೆಜ್ಜೆಯಲ್ಲೇ ಹೊರದೇಶಗಳಲ್ಲೂ ಹಾಡಿ ಬಂದರು.

ಗಿಟಾರಿನಲ್ಲಿ ಹಾಡಿದರೆ ತತ್ವಪದ ಕೆಡುತ್ತದೆ ಎಂದು ನಮ್ಮೂರಲ್ಲಿ ಕೆಲವರು ಅನ್ನುತ್ತಾರೆ. ನಾನು ಕಂಡದ್ದು ಹೇಳುತ್ತೇನೆ. ಭಜನೆಯಲ್ಲಿ ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಅಲ್ಲಿಯೂ ಹಾಡುಗಾರ ಮೈಕನ್ನು ಜನರ ಕಡೆ ತಿರುಗಿಸಿದ, ಇಡೀ ಮೈದಾನ ಪಲ್ಲವಿ ಹೇಳಿತು. ಅದು ಭಜನೆಯೇ ಅಲ್ಲವೇ? ಆದರೆ ಒಂದು ಕೊರತೆಯೂ ಇತ್ತು. ಪಲ್ಲವಿ ದಾಟಿದ ಮೇಲೆ ನಮ್ಮ ಸುತ್ತ ಯಾರಿಗೂ ಮುಂದಿನ ಸಾಲು ಬರಲಿಲ್ಲ. ಅಜ್ಜನಂತೆ ನಡುವೆ ನಿಲ್ಲಿಸಿ ಅರ್ಥ ಹೇಳುವವರೂ ಇರಲಿಲ್ಲ. ಅಲ್ಲಿ ಜನ ಇದ್ದರು, ಪದ ಪೂರಾ ಇರಲಿಲ್ಲ. ನಮ್ಮ ಗುಡಿಯಲ್ಲಿ ಪದ ಪೂರಾ ಇದೆ, ಜನ ಇಲ್ಲ.

ಇದು ಉತ್ಪ್ರೇಕ್ಷೆಯ ಮಾತಲ್ಲ. ನಾನು ಸಣ್ಣವಳಿದ್ದಾಗ ಮೇಳದಲ್ಲಿ ಹನ್ನೊಂದು ಜನ ಇದ್ದರು. 2020ರಲ್ಲಿ ಕೊರೊನಾ ಬಂದು ಭಜನೆ ನಿಂತಿತು. ಮತ್ತೆ ಸುರುವಾದಾಗ ಕೆಲವರು ಇರಲಿಲ್ಲ, ಕೆಲವರ ಮಕ್ಕಳು ದುಡಿಯಲು ಗೋವಾ, ಬೆಂಗಳೂರು ಸೇರಿದ್ದರು. ಈಗ ಸೋಮವಾರ ರಾತ್ರಿ ಕೂಡುವವರು ನಾಲ್ಕೇ ಜನ. ಎಲ್ಲರಿಗೂ ಅರವತ್ತು ದಾಟಿದೆ.

ಕಾರ್ಯಕ್ರಮ ಮುಗಿದ ಮೇಲೆ ಆ ಡ್ರಮ್ಸ್ ಬಾರಿಸಿದ ಅಕ್ಕನನ್ನು ಮಾತಾಡಿಸಿದೆ. ಅಂಗೈ ತೋರಿಸಿದಳು, ಬೊಬ್ಬೆ ಎದ್ದು ಗಟ್ಟಿಯಾಗಿದ್ದವು. “ಮೊದ್ಲು ನೋಯ್ತೈತಿ, ಆಮ್ಯಾಲ ರೂಢಿ ಆಗ್ತೈತಿ” ಅಂದಳು. ನಮ್ಮೂರ ಮೇಳದಲ್ಲಿ ಇಲ್ಲಿಯ ತನಕ ಹೆಣ್ಣುಮಕ್ಕಳು ಕೂತಿಲ್ಲ. ಯಾರೂ ಬೇಡ ಅಂದದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ.

ಊರಿಗೆ ಬಂದು ಮಾವನ ಮೊಬೈಲಿನಲ್ಲಿ ತುಂಬಿಕೊಂಡಿದ್ದ ಆ ಹಾಡನ್ನು ಪೇಟಿ ಬಾರಿಸುವ ಕಾಕಾಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರಾ ಕೇಳಿದರು. “ತಾಳ ತಪ್ಪಿಲ್ಲ. ಆದ್ರ ಉಸುರು ಬಿಡಾಕ ಜಾಗಾ ಇಲ್ಲ” ಅಂದರು. ಆಗ ಧೈರ್ಯ ಮಾಡಿ, “ಕಾಕಾ, ಅಜ್ಜನ ದಮ್ಮಡಿ ಗೂಟಕ್ಕ ಸುಮ್ನ ನೇತಾಡಾಕತ್ತೈತಿ. ನಾ ಬರಲೇನ್ರಿ?” ಅಂತ ಕೇಳಿದೆ. ಬಹಳ ಹೊತ್ತು ಪೇಟಿಯ ಮೇಲಿನ ಧೂಳು ಒರೆಸುತ್ತಾ ಕುಳಿತರು. ನಂತರ, “ಒಬ್ಬಾಕಿನ ಬಂದ್ರ ನಾಲ್ಕು ದಿನಕ್ಕ ಬ್ಯಾಸರ ಆಗ್ತೈತಿ. ನಾಲ್ಕು ಮಂದಿ ಕರ್ಕೊಂಡ ಬಾ” ಅಂದರು.

ಅದಕ್ಕೇ ಈ ಲೇಖನ. ಬರುವ ಸೋಮವಾರ ಊಟವಾದ ಮೇಲೆ, ಎಂಟೂವರೆಗೆ, ಗುಡಿಗೆ ಬನ್ನಿ. ಹುಡುಗರೂ ಬನ್ನಿ, ಹುಡುಗಿಯರೂ ಬನ್ನಿ. ರಾಗ ಬರದಿದ್ದರೆ ತಾಳ ಹಿಡಿಯಿರಿ, ತಾಳವೂ ಬರದಿದ್ದರೆ ಹಿಂದೆ ಹೇಳಿರಿ. ಒಂದು ಗೆರೆ ಹಾಕಿದ ನೋಟುಬುಕ್ಕು ತಂದರೆ ಒಳ್ಳೆಯದು, ಆ ನಾಲ್ವರ ಬಾಯಲ್ಲಿರುವ ಪದಗಳನ್ನು ವಾರಕ್ಕೊಂದರಂತೆ ಬರೆದುಕೊಳ್ಳೋಣ. ಗುರುಗಳು ನಮ್ಮ ಅಪ್ಪ ಅವ್ವಂದಿರಿಗೆ ಒಂದು ಮಾತು ಹೇಳಿದರೆ ಇನ್ನೂ ಅನುಕೂಲ. ದಮ್ಮಡಿ ಕಾಯಿಸಲು ನಾಲ್ಕು ಕಟ್ಟಿಗೆ ನಾನು ತರುತ್ತೇನೆ.

— 9ನೇ ತರಗತಿಯ ವಿದ್ಯಾರ್ಥಿನಿ