ಏಳಲೊಲ್ಲದ ಕಂಪ್ಯೂಟರ್

ಪುಷ್ಯ ಮಳೆ ಹಿಡಿಯಿತೆಂದರೆ ನಮ್ಮ ಪಾಳ್ಯದ ಕಡೆ ಕೆಡದೆ ಉಳಿಯುವ ಸಾಮಾನು ಕಡಿಮೆ. ಚಪ್ಪಲಿಗೆ ಬೂಷ್ಟು, ಬೆಂಕಿಪೊಟ್ಟಣಕ್ಕೆ ತಂಡಿ, ಟಾರ್ಚಿನ ಸ್ಪ್ರಿಂಗಿಗೆ ತುಕ್ಕು. ಹಾಸನಕ್ಕೋ ಸಕಲೇಶಪುರಕ್ಕೋ ಹೊತ್ತುಕೊಂಡು ಹೋಗಿ ರಿಪೇರಿ ಮಾಡಿಸುವ ಹೊತ್ತಿಗೆ ಇನ್ನೊಂದು ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿ ಎಲ್ಲರೂ ಅರ್ಧ ಮೆಕ್ಯಾನಿಕ್ಕುಗಳೇ. ಪಂಪ್‌ಸೆಟ್ ನೀರೆತ್ತದಿದ್ದರೆ ಫುಟ್‌ವಾಲ್ವೋ ಫ್ಯೂಸೋ ಎಂದು ದೂರದಿಂದ ಸದ್ದು ಕೇಳಿಯೇ ಹೇಳುವವರಿದ್ದಾರೆ. ಕಂಪ್ಯೂಟರ್ ಮಾತ್ರ ಈ ವಿದ್ಯೆಗೆ ಬಗ್ಗಿಲ್ಲ. ಅದು ಏಳದಿದ್ದರೆ ಎಲ್ಲರದೂ ಒಂದೇ ತೀರ್ಪು, ‘ವೈರಸ್ ಹೊಡೆದದೆ.’ ಮದ್ದೂ ಒಂದೇ, ‘ಫಾರ್ಮ್ಯಾಟ್ ಮಾಡ್ಸಿ.’

ದೊಡ್ಡಪ್ಪನ ಕಂಪ್ಯೂಟರಿಗೆ ಕಾಯಿಲೆ ಶುರುವಾದದ್ದೇ ಮದ್ದು ಕುಡಿಸಿದ ಮೇಲೆ.

ತೋಟದ ಆಫೀಸು ಅಂತ ಅವರು ಕರೆಯುವ ಕೋಣೆಯಲ್ಲಿ ಅರ್ಧ ಭಾಗ ಗೊಬ್ಬರದ ಮೂಟೆ, ಉಳಿದರ್ಧ ಮೇಜು ಮತ್ತು ಕಂಪ್ಯೂಟರ್. ಚೆಕ್‌ರೋಲು, ಮೆಣಸಿನ ಲೆಕ್ಕ, ಶುಂಠಿಗೆ ಗದ್ದೆ ಕೊಟ್ಟ ಕರಾರು, ಎಲ್ಲಕ್ಕಿಂತ ಮುಖ್ಯವಾಗಿ ಇಂಚು, ಸೆಂಟಿನಲ್ಲಿ ಬರೆದಿಟ್ಟ ಮಳೆ ಲೆಕ್ಕ ಅದರೊಳಗಿವೆ. ಕಾಫಿ ಬೆಳೆಗಾರರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ಹೂಮಳೆ ಬಿದ್ದ ತಾರೀಖು ಮರೆಯುವುದಿಲ್ಲ. ಮಿಶನ್ನು ವಿಂಡೋಸ್ 7ರ ಕಾಲದ್ದು. 2025ರ ಮಳೆಗಾಲದಲ್ಲಿ ಊರಿಗೆ ಬಂದ ಬೆಂಗಳೂರಿನ ಅಳಿಯಂದಿರು ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು, ಡಿಸ್ಕನ್ನು ಪೂರ್ತಿ ಒರೆಸಿ, ವಿಂಡೋಸ್ 10 ಹಾಕಿದರು. ವಾಪಸು ಕಡತ ತುಂಬಿದರು. ಓಡಿಸಿ ತೋರಿಸಿದರು. ಭಾನುವಾರ ಸಂಜೆ ಕಾರು ಹತ್ತಿದರು. ರಾತ್ರಿ ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿತ್ತು, ಕರೆಂಟ್ ಹೋಯಿತು. ಸೋಮವಾರ ಮಧ್ಯಾಹ್ನ ಕರೆಂಟ್ ಬಂತು, ಕಂಪ್ಯೂಟರ್ ಏಳಲಿಲ್ಲ. ಫೋನು ಮಾಡಿದರೆ ಅಳಿಯಂದಿರು, ‘ನಾನಿದ್ದಾಗ ಓಡ್ತಿತ್ತಲ್ಲ ಮಾವ’ ಅಂದರಂತೆ. ಅದು ನಿಜವೇ ಆಗಿತ್ತು.

ಆನೆ ಎಲ್ಲಿದೆ ಅಂತ ವಾಟ್ಸಾಪಿನಲ್ಲಿ ನೋಡಿಕೊಂಡು ನಾನು ಹೊರಟೆ.

ಏಳದಿರುವುದರಲ್ಲೂ ಬಗೆಗಳಿವೆ. ಫ್ಯಾನೇ ತಿರುಗದಿದ್ದರೆ ಅದು ಕರೆಂಟಿನ ವಿಷಯ, ಎಸ್‌ಎಂಪಿಎಸ್ ನೋಡಬೇಕು. ಫ್ಯಾನು ತಿರುಗಿ, ಪರದೆ ಕಪ್ಪಾಗೇ ಇದ್ದು, ಬೀಪ್ ಬೀಪ್ ಅಂತ ಬಡಕೊಳ್ಳುತ್ತಿದ್ದರೆ ಮೊದಲು ಅನುಮಾನಪಡಬೇಕಾದ್ದು ರ್‍ಯಾಮನ್ನು. ನಮ್ಮ ತೇವಕ್ಕೆ ಅದರ ಹಳದಿ ಹಲ್ಲುಗಳಿಗೆ ಮಂಕು ಕವಿದಿರುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಕಟಕ್ ಅನ್ನುವ ಹಾಗೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಎದ್ದುಬಿಡುತ್ತದೆ. ದೊಡ್ಡಪ್ಪನದು ಇದೆರಡೂ ಅಲ್ಲ. ಒಂದೇ ಬೀಪು, ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’. ಬಾಯಿಬಿಟ್ಟು ಇಷ್ಟು ಹೇಳುತ್ತಿದೆ ಎಂದರೆ ಬೋರ್ಡು, ರ್‍ಯಾಮು, ಪರದೆ ಎಲ್ಲ ನೆಟ್ಟಗಿವೆ. ಅದಕ್ಕೆ ವಿಂಡೋಸ್ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ, ಅಷ್ಟೆ.

ಡಿಲೀಟ್ ಒತ್ತಿ ಸೆಟಪ್ಪಿನೊಳಗೆ ಹೋದರೆ ಡಿಸ್ಕಿನ ಹೆಸರು ಕಾಣುತ್ತಿದೆ, ಅಂದರೆ ಡಿಸ್ಕೂ ಸತ್ತಿಲ್ಲ. ಮೇಲೆ ಮೂಲೆಯಲ್ಲಿ ತಾರೀಖು, 2010ರ ಜನವರಿ 1.

‘ಅದು ಯಾವಾಗ್ಲೂ ಹಂಗೇ ತೋರ್ಸೋದು ಕಣ್ಲಾ, ಕರೆಂಟ್ ಹೋಗಿ ಬಂದ್ರೆ. ನಾನೇ ಸರಿಮಾಡ್ಕೋತೀನಿ’ ಅಂದರು ದೊಡ್ಡಪ್ಪ, ಗೊಬ್ಬರದ ಮೂಟೆ ಮೇಲೆ ಕೂತು.

ಎಲ್ಲ ಗೊತ್ತಾದದ್ದು ಆ ಮಾತಿನಲ್ಲಿ. ಗೋಡೆಯಿಂದ ಕರೆಂಟ್ ಬರುವಷ್ಟು ಹೊತ್ತು ಮದರ್‌ಬೋರ್ಡಿಗೆ ಯಾರ ಹಂಗೂ ಇಲ್ಲ. ಅದು ಹೋದಾಗ ತಾರೀಖು, ಹೊತ್ತು, ಸೆಟಪ್ಪಿನ ಆಯ್ಕೆಗಳನ್ನು ನೆನಪಿನಲ್ಲಿ ಉಳಿಸುವುದು ಒಂದು ಬಟನ್ ಸೆಲ್ಲು. ಅದು ಸತ್ತರೆ ಬೋರ್ಡು ಕಾರ್ಖಾನೆಯಿಂದ ಹೊರಟ ದಿನಕ್ಕೆ ವಾಪಸಾಗುತ್ತದೆ. ಈ ಬೋರ್ಡಿನ ಹುಟ್ಟುಬುದ್ಧಿ ‘ಲೆಗಸಿ’. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲಿ ದಾರಿ ಹುಡುಕುವ, 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಕ್ರಮ. ವಿಂಡೋಸ್ 7 ಇದ್ದದ್ದೂ ಅದೇ ಕ್ರಮದಲ್ಲಿ. ಹಾಗಾಗಿ ಸೆಲ್ಲು ಸತ್ತು ಎಷ್ಟು ಕಾಲವಾಗಿತ್ತೋ, ತಾರೀಖು ತಪ್ಪಿದ್ದು ಬಿಟ್ಟರೆ ಯಾರಿಗೂ ಏನೂ ಅನಿಸಿರಲಿಲ್ಲ. ಅಳಿಯಂದಿರು ಸೆಟಪ್ಪಿನಲ್ಲಿ ‘ಯುಇಎಫ್‌ಐ’ ಆರಿಸಿ ಹೊಸ ಕ್ರಮದಲ್ಲಿ ಹಾಕಿದರು. ಅದರಲ್ಲಿ ಎಬ್ಬಿಸುವ ಕಡತ ಇರುವುದು ಬೇರೆಯೇ ಒಂದು ಸಣ್ಣ ಪಾರ್ಟಿಷನ್ನಿನಲ್ಲಿ. ಕರೆಂಟ್ ಹೋಯಿತು, ಬೋರ್ಡು ಯುಇಎಫ್‌ಐ ಮರೆತು ಹಳೇ ಬುದ್ಧಿಗೆ ಬಂತು. ಮನೆಯವರೆಲ್ಲ ಹಿತ್ತಿಲಿಗೆ ಬಿಡಾರ ಬದಲಿಸಿದ್ದು ಗೊತ್ತಿಲ್ಲದ ಪೋಸ್ಟ್‌ಮ್ಯಾನ್ ಹಾಗೆ ಮುಂಬಾಗಿಲು ತಟ್ಟುತ್ತಾ ನಿಂತಿತು. ಬೆಂಗಳೂರಿನಲ್ಲಾಗಿದ್ದರೆ ಇದು ಇಷ್ಟು ಬೇಗ ಹೊರಗೆ ಬೀಳುತ್ತಿರಲಿಲ್ಲ. ನಮ್ಮಲ್ಲಿ ಒಂದು ರಾತ್ರಿ ಸಾಕು.

ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಕೆಂಪು ಧೂಳು, ಕೇಬಲ್ಲಿನ ಸಂದಿಯಲ್ಲಿ ಕಡಜ ಕಟ್ಟಿದ ಮಣ್ಣಿನ ಗೂಡು, ಹಲ್ಲಿಯ ಎರಡು ಬಿಳಿ ಮೊಟ್ಟೆ. ದೊಡ್ಡಮ್ಮನ ಹೇರ್‌ಪಿನ್ನಿನಿಂದ ಕೊಕ್ಕೆ ಒತ್ತಿದೆ, ಸೆಲ್ಲು ಟಪ್ಪನೆ ಹಾರಿ ಯೂರಿಯಾ ಮೂಟೆಯ ಹಿಂದೆ ಬಿತ್ತು. ಹುಡುಕಿ ತೆಗೆದು ಒರೆಸಿದರೆ ಬೆನ್ನ ಮೇಲೆ ಸಿಆರ್ 2032 ಅಂತ ಇತ್ತು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಹೀಗೆ ಒತ್ತಿಟ್ಟು ಬರೆದಿರುತ್ತಾರೆ. ಕೆಲವು ಕಾರಿನ ರಿಮೋಟ್ ಕೀಲಿಯೊಳಗೂ ಇದೇ ಇರುತ್ತದೆ, ಆದ್ದರಿಂದ ಇದಕ್ಕಾಗಿ ಹಾಸನಕ್ಕೆ ಹೋಗಬೇಕಾಗಲಿಲ್ಲ. ಹೊಸದು ಕೂರಿಸಿ, ತಾರೀಖು ತಿದ್ದಿ, ಯುಇಎಫ್‌ಐ ಎಂದು ಬದಲಿಸಿ ಎಫ್10 ಒತ್ತಿದೆ. ವಿಂಡೋಸ್ ಎದ್ದಿತು. ಪ್ಲಗ್ಗು ಕಿತ್ತು, ಕಾಫಿ ಕುಡಿದು ಬಂದು ಮತ್ತೆ ಹಚ್ಚಿದೆ. ಆಗಲೂ ಎದ್ದಿತು.

ದೊಡ್ಡಪ್ಪನಿಗೆ ಸಮಾಧಾನವಿಲ್ಲ. ಮಳೆ ಲೆಕ್ಕದ ಕಡತ ತೆರೆದರೆ ಅಂಕಿಗಳ ಪಕ್ಕ ಅವರು ಬರೆದ ಟಿಪ್ಪಣಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಓರೆಗೆರೆ, ನಡುನಡುವೆ ಪೌಂಡಿನ ಗುರುತು. ‘ವೈರಸ್ಸೇ ಕಣೋ ಇದು!’ ವೈರಸ್ಸಲ್ಲ, ನುಡಿ. ಕನ್ನಡ ಗಣಕ ಪರಿಷತ್ತಿನ ಆ ತಂತ್ರಾಂಶದ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡವನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದಿದ್ದರೆ ಮೂಲ ಮನೆಯವರು ಎದ್ದು ಕಾಣುತ್ತಾರೆ. ಪಕ್ಕದ ಮೂಡಿಗೆರೆಯಲ್ಲಿ ತೇಜಸ್ವಿ ಕಾಫಿ ತೋಟದ ನಡುವೆ ಕೂತು ಕನ್ನಡ ತಂತ್ರಾಂಶಕ್ಕಾಗಿ ಯಾಕಷ್ಟು ಜಗಳವಾಡಿದರು ಎಂಬುದು ಇಂಥ ಕಡತ ತೆರೆದಾಗ ಅರ್ಥವಾಗುತ್ತದೆ. ನುಡಿ ಹಾಕಿದೆ. ‘ಹೂಮಳೆ, 1 ಇಂಚು 20 ಸೆಂಟ್ಸ್, ಸಾಲದು’ ಅಂತ ಓದಿ ದೊಡ್ಡಪ್ಪ ತಲೆಯಾಡಿಸಿದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯಸ್ಸೂ ಮುಗಿಯುತ್ತದೆ, 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಈ ಬೋರ್ಡಿನಲ್ಲಿ ಇಲ್ಲ ಎಂದು ಅವರಿಗೆ ಹೇಳಿದೆ. ಮತ್ತೆ ಅದನ್ನೇ ಯಾಕೆ ಹಾಕಿದರು ಎಂದು ಕೇಳುವ ಹಾಗಿಲ್ಲ. ಅಳಿಯಂದಿರು.

‘ಲಿನಕ್ಸ್ ಅಂತ ಒಂದದೆ ದೊಡ್ಡಪ್ಪ, ದುಡ್ಡಿಲ್ಲ.’

‘ಅದ್ರಲ್ಲಿ ಇಸ್ಪೀಟು ಅದಾ?’

‘ಅದೆ. ಜಾಹೀರಾತೂ ಬರಲ್ಲ.’

‘ಹಂಗಾದ್ರೆ ಕುಯ್ಲು ಮುಗೀಲಿ, ನೋಡಾಣ’ ಅಂದರು.